ಕೆ.ಎಸ್. ಅಶ್ವಥ್: ಕನ್ನಡದ ಪೋಷಕ ನಟ

ಕೆ.ಎಸ್. ಅಶ್ವಥ್ (1925-2010) ಕನ್ನಡ ಚಲನಚಿತ್ರರಂಗದ ಹಿರಿಯ ಪೋಷಕ ನಟ. ಪೂರ್ಣ ಹೆಸರು ಕರಗನಹಳ್ಳಿ ಸುಬ್ಬರಾಯ ಅಶ್ವತ್ಥನಾರಾಯಣ. 1925ರ ಮಾರ್ಚ್ 25ರಂದು ಮೈಸೂರಿನಲ್ಲಿ ಹುಟ್ಟಿದರು. ತೀರಿಕೊಂಡದ್ದೂ ಅದೇ ಊರಿನಲ್ಲಿ, 2010ರ ಜನವರಿ 18ರಂದು. 1955ರಲ್ಲಿ ತೆರೆಕಂಡ ‘ಸ್ತ್ರೀರತ್ನ’ ಅವರ ಮೊದಲ ಚಿತ್ರ. ಅಲ್ಲಿಂದ ನಾಲ್ಕು ದಶಕ 350ಕ್ಕೂ ಹೆಚ್ಚು ಚಿತ್ರಗಳಲ್ಲಿ ತಂದೆ, ಮೇಷ್ಟ್ರು, ಮನೆಯಾಳು, ಊರ ಹಿರಿಯ, ಸೋತ ಗೃಹಸ್ಥ ಹೀಗೆ ಬಗೆಬಗೆಯ ಪಾತ್ರಗಳನ್ನು ಮಾಡಿದರು. ‘ನಾಗರಹಾವು’ (1972) ಚಿತ್ರದ ಚಾಮಯ್ಯ ಮೇಷ್ಟ್ರು ಅವರ ಅತ್ಯಂತ ಪ್ರಸಿದ್ಧ ಪಾತ್ರ. ಕನ್ನಡಿಗರು ಒಳ್ಳೆಯ ಶಿಕ್ಷಕನನ್ನು ಕಂಡಾಗ ಇಂದಿಗೂ ಆ ಹೆಸರನ್ನೇ ನೆನೆಯುತ್ತಾರೆ.

ನಾಯಕನ ಚಿತ್ರವೆಂದು ನಾವು ಕರೆಯುವ ಚಿತ್ರಗಳಲ್ಲಿ ನಾಯಕ ಮಾತಾಡುತ್ತಾನೆ, ಹಾಡುತ್ತಾನೆ, ಹೊಡೆಯುತ್ತಾನೆ, ತ್ಯಾಗ ಮಾಡುತ್ತಾನೆ. ಆ ತ್ಯಾಗ ದೊಡ್ಡದೋ ಸಣ್ಣದೋ ಎಂಬುದು ನೋಡುವವನಿಗೆ ತಿಳಿಯುವುದು ಅದನ್ನು ಪಕ್ಕದಲ್ಲಿ ನಿಂತು ಕಾಣುವ ಇನ್ನೊಂದು ಮುಖದಿಂದ. ಅಶ್ವಥ್ ಆ ಇನ್ನೊಂದು ಮುಖವಾಗಿದ್ದರು. ಅವರಷ್ಟು ಚೆನ್ನಾಗಿ ಎದುರಿನ ಪಾತ್ರದ ಮಾತನ್ನು ಕೇಳಿಸಿಕೊಂಡ ನಟ ಕನ್ನಡದಲ್ಲಿ ಇನ್ನೊಬ್ಬರಿಲ್ಲ. ಮಾತು ಹೇಳುವ ಕಲೆಗೆ ಸಿಗುವ ಹೊಗಳಿಕೆ ಕೇಳಿಸಿಕೊಳ್ಳುವ ಕಲೆಗೆ ಸಿಗುವುದಿಲ್ಲವಾದ್ದರಿಂದ, ಅವರ ಅಭಿನಯವನ್ನು ‘ಸಹಜ’ ಎಂಬ ಒಂದೇ ಪದದಲ್ಲಿ ಮುಗಿಸಿಬಿಡುವ ರೂಢಿ ಬೆಳೆದಿದೆ. ಆ ಸಹಜತೆಯ ಹಿಂದೆ ಒಂದು ತರಬೇತಿಯಿತ್ತು.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ತೆರೆಕಂಡಿತು. ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ. ಇಂದ್ರಜಿತುವಾಗಿ ಎಂ.ವಿ. ಸುಬ್ಬಯ್ಯ ನಾಯ್ಡು, ರಾವಣನಾಗಿ ಆರ್. ನಾಗೇಂದ್ರರಾವ್ ನಟಿಸಿದ್ದರು. ಇಬ್ಬರೂ ನಾಟಕ ಕಂಪನಿಗಳಲ್ಲಿ ಪಳಗಿದವರು. ಮುಂದಿನ ಎರಡು ದಶಕ ಕನ್ನಡ ಚಿತ್ರಗಳಿಗೆ ನಟರು ಬಂದದ್ದು ಬಹುಪಾಲು ಕಂಪನಿಗಳಿಂದಲೇ. ರಾಜ್‌ಕುಮಾರ್, ನರಸಿಂಹರಾಜು, ಟಿ.ಎನ್. ಬಾಲಕೃಷ್ಣ, ಜಿ.ವಿ. ಅಯ್ಯರ್ ಎಲ್ಲರೂ ಆ ಮನೆಯ ಮಕ್ಕಳೇ. ಕಂಪನಿ ರಂಗಭೂಮಿಯಲ್ಲಿ ಮೈಕು ಇಲ್ಲದ ಕಾಲದಿಂದ ಬಂದ ಒಂದು ನಿಯಮವಿತ್ತು: ಕೊನೆಯ ಸಾಲಿನಲ್ಲಿ ನೆಲದ ಮೇಲೆ ಕೂತವನಿಗೂ ಮಾತು ಮುಟ್ಟಬೇಕು. ಆ ನಿಯಮ ಸಿನಿಮಾಕ್ಕೂ ಬಂತು. ಐವತ್ತರ ದಶಕದ ಚಿತ್ರಗಳಲ್ಲಿ ಪಾತ್ರಗಳು ಒಂದು ಮೊಳ ದೂರದಲ್ಲಿ ನಿಂತಿದ್ದರೂ ಮಾತು ಎದುರು ಬೀದಿಗೆ ಕೇಳುವಂತಿರುತ್ತದೆ. ಕೈಯೆತ್ತುವುದು, ಎದೆ ತಟ್ಟಿಕೊಳ್ಳುವುದು, ಮಾತಿನ ಕೊನೆಯಲ್ಲಿ ಪ್ರೇಕ್ಷಕರತ್ತ ತಿರುಗುವುದು ಎಲ್ಲವೂ ರಂಗದ ಅಳತೆಯವೇ.

ಅಶ್ವಥ್ ಬಂದ ದಾರಿ ಬೇರೆ. ಮೈಸೂರಿನಲ್ಲಿ ಓದುತ್ತಿದ್ದಾಗ 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಅವರು ಭಾಗವಹಿಸಿದರು. ಮುಂದೆ ಸರ್ಕಾರಿ ನೌಕರಿಯಲ್ಲಿದ್ದುಕೊಂಡೇ ಹವ್ಯಾಸಿ ನಾಟಕಗಳಲ್ಲೂ ಮೈಸೂರು ಆಕಾಶವಾಣಿಯ ನಾಟಕಗಳಲ್ಲೂ ಪಾತ್ರವಹಿಸುತ್ತಿದ್ದರು. ಆ ರೇಡಿಯೊ ಕೇಂದ್ರವನ್ನು 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಶುರುಮಾಡಿದ್ದರು. ‘ಆಕಾಶವಾಣಿ’ ಎಂಬ ಹೆಸರು ಅಲ್ಲಿಂದಲೇ ಇಡೀ ದೇಶಕ್ಕೆ ಹೋಯಿತು. 1955ರಲ್ಲಿ ಕೇಂದ್ರ ಬೆಂಗಳೂರಿಗೆ ಸ್ಥಳಾಂತರಗೊಂಡಿತು. ಅಶ್ವಥ್ ಸಿನಿಮಾಕ್ಕೆ ಹೋದದ್ದೂ ಅದೇ ವರ್ಷ.

ರೇಡಿಯೊ ನಾಟಕ ನಟನಿಗೆ ಕಲಿಸುವ ಪಾಠ ಕಂಪನಿಯ ಪಾಠಕ್ಕೆ ತದ್ವಿರುದ್ಧ. ಮೈಕಿನ ಮುಂದೆ ಕೂಗಿದರೆ ಧ್ವನಿ ಒಡೆಯುತ್ತದೆ. ಕೈ ಬೀಸಿ ಪ್ರಯೋಜನವಿಲ್ಲ. ಕಾಗದ ಸರಿದರೂ ಸದ್ದು. ಉಸಿರು ಎಲ್ಲಿ ತೆಗೆದುಕೊಂಡೆ, ಎರಡು ಮಾತಿನ ನಡುವೆ ಎಷ್ಟು ಹೊತ್ತು ಸುಮ್ಮನಿದ್ದೆ ಎಂಬುದರಿಂದಲೇ ವಯಸ್ಸು, ದುಃಖ, ಅನುಮಾನ ಎಲ್ಲವೂ ಕೇಳುವವನಿಗೆ ತಿಳಿಯಬೇಕು. ಜೊತೆಗಾರ ನಟ ಮಾತು ಮುಗಿಸಿದ ಸ್ವರವನ್ನು ಹಿಡಿದು ಅಲ್ಲಿಂದಲೇ ತನ್ನ ಮಾತು ಎತ್ತಬೇಕು. ಅದಕ್ಕೆ ಅವನನ್ನು ಮನಸ್ಸಿಟ್ಟು ಕೇಳಲೇಬೇಕು. ಅಶ್ವಥ್ ಅವರ ಯಾವ ಚಿತ್ರವನ್ನಾದರೂ ಕಣ್ಣುಮುಚ್ಚಿ ಕೇಳಿದರೆ ಈ ಕಲಿಕೆ ಸ್ಪಷ್ಟವಾಗುತ್ತದೆ. ಮಾತು ಎತ್ತರಿಸುವ ಬದಲು ಅವರು ನಿಧಾನಿಸುತ್ತಾರೆ. ಕೋಪದ ಮಾತಿನ ಕೊನೆಯಲ್ಲಿ ಧ್ವನಿ ಏರದೆ ಇಳಿಯುತ್ತದೆ.

‘ಸ್ತ್ರೀರತ್ನ’ದಲ್ಲಿ ಅವರು ನಾಯಕ. ಆದರೆ ಕನ್ನಡಕ್ಕೆ ನಾಯಕರು ಆ ಹೊತ್ತಿಗೆ ಸಿಕ್ಕಿಬಿಟ್ಟಿದ್ದರು: 1954ರ ‘ಬೇಡರ ಕಣ್ಣಪ್ಪ’ದಿಂದ ರಾಜ್‌ಕುಮಾರ್ ಬಂದಿದ್ದರು, ಅದೇ ವರ್ಷ ಕಲ್ಯಾಣ್‌ಕುಮಾರ್ ಬಂದಿದ್ದರು, ಉದಯಕುಮಾರ್ ಬೆನ್ನಿಗೇ ಇದ್ದರು. ಅಶ್ವಥ್ ಬೇಗನೆ ಪೋಷಕ ಪಾತ್ರಗಳಿಗೆ ಸರಿದರು. ಇದನ್ನು ಹಿನ್ನಡೆ ಎಂದು ಬರೆಯುವವರಿದ್ದಾರೆ. ನಾಯಕನ ಸ್ಥಾನಕ್ಕೆ ಬೇಕಾದ ಹಟ, ತನ್ನತ್ತಲೇ ಎಲ್ಲರ ಕಣ್ಣು ಸೆಳೆಯುವ ಸ್ವಭಾವ ಅವರ ಅಭಿನಯದಲ್ಲಿ ಇರಲಿಲ್ಲ. ಪೋಷಕ ಪಾತ್ರಗಳಲ್ಲಿ ಅವರು ತಮ್ಮ ಜಾಗವನ್ನು ಕಂಡುಕೊಂಡರು ಎಂಬುದೇ ಸರಿ. ಅದಕ್ಕೆ ತೆತ್ತ ಬೆಲೆಯೂ ಉಂಟು. ಮೂವತ್ತು ದಾಟುತ್ತಿದ್ದಂತೆಯೇ ತಲೆಗೂದಲಿಗೆ ಬಿಳಿ ಬಳಿದುಕೊಳ್ಳಬೇಕಾಯಿತು. ರಾಜ್‌ಕುಮಾರ್ ಹುಟ್ಟಿದ್ದು 1929ರಲ್ಲಿ, ಅಶ್ವಥ್ ಅವರಿಗಿಂತ ನಾಲ್ಕೇ ವರ್ಷ ಕಿರಿಯರು. ಆದರೂ ‘ಎರಡು ಕನಸು’ (1974) ಚಿತ್ರದಲ್ಲಿ ಅಶ್ವಥ್ ರಾಜ್‌ಕುಮಾರ್‌ಗೆ ತಂದೆ, ಪಂಢರಿಬಾಯಿ ತಾಯಿ. ನೋಡಿದವರಲ್ಲಿ ಯಾರಿಗೂ ಅದು ಅಸಹಜ ಅನಿಸಿಲ್ಲ. ನಡಿಗೆಯಲ್ಲಿ, ಕುರ್ಚಿಯಿಂದ ಏಳುವಾಗ ಕೈಯೂರುವ ರೀತಿಯಲ್ಲಿ, ಮಗನ ಹೆಸರು ಕರೆಯುವ ಧ್ವನಿಯಲ್ಲಿ ಇಪ್ಪತ್ತೈದು ವರ್ಷದ ಅಂತರವನ್ನು ಅವರು ತುಂಬಿಕೊಡುತ್ತಿದ್ದರು.

1967ರ ‘ಬೆಳ್ಳಿಮೋಡ’ ಅವರ ವೃತ್ತಿಯಲ್ಲಿ ದೊಡ್ಡ ತಿರುವು. ತ್ರಿವೇಣಿಯವರ ಕಾದಂಬರಿ ಆಧರಿಸಿದ, ಪುಟ್ಟಣ್ಣ ಕಣಗಾಲ್ ಕನ್ನಡದಲ್ಲಿ ನಿರ್ದೇಶಿಸಿದ ಮೊದಲ ಚಿತ್ರ ಇದು. ಮಲೆನಾಡಿನ ಶ್ರೀಮಂತ ಸದಾಶಿವರಾಯನಿಗೆ ಒಬ್ಬಳೇ ಮಗಳು ಇಂದಿರಾ (ಕಲ್ಪನಾ). ಅವಳನ್ನು ಮದುವೆಯಾಗಲಿರುವ ಹುಡುಗ ಮೋಹನನನ್ನು (ಕಲ್ಯಾಣ್‌ಕುಮಾರ್) ರಾಯರೇ ಖರ್ಚು ಕೊಟ್ಟು ವಿದೇಶಕ್ಕೆ ಓದಲು ಕಳಿಸುತ್ತಾರೆ. ಅವನು ತಿರುಗಿ ಬರುವಷ್ಟರಲ್ಲಿ ಆ ಮನೆಯಲ್ಲಿ ಒಂದು ಗಂಡುಮಗು ಹುಟ್ಟಿರುತ್ತದೆ. ಆಸ್ತಿಗೆ ಬೇರೆ ವಾರಸುದಾರ ಬಂದನೆಂದು ತಿಳಿದ ಮೋಹನ ಮಾತು ತಪ್ಪುತ್ತಾನೆ. ಚಿತ್ರ ಕಲ್ಪನಾ ಅವರದು. ಇಂದಿರಾಳ ಸ್ವಾಭಿಮಾನವೇ ಅದರ ಬೆನ್ನೆಲುಬು. ಆದರೆ ಮಗ ಹುಟ್ಟಿದ ಸಂತೋಷವೇ ಮಗಳ ಬಾಳಿಗೆ ಕುತ್ತಾಯಿತೆಂದು ಅರಿವಾಗುವ ತಂದೆಯ ಸಂಕಟ ಇಡೀ ಕಥೆಯನ್ನು ಹಿಡಿದಿಟ್ಟುಕೊಂಡಿದೆ. ಇಂಥ ತಂದೆಗೆ ಬರೆದ ಮಾತು ಕಡಿಮೆ, ನಾಚಿಕೆಯೂ ದುಃಖವೂ ಒಟ್ಟಿಗೇ ಇರುವ ಸನ್ನಿವೇಶ. ಅಶ್ವಥ್ ತೆಗೆದುಕೊಂಡ ದಾರಿ ಸಂಯಮದ್ದು. ಪುಟ್ಟಣ್ಣ ಮುಖದ ಹತ್ತಿರಕ್ಕೆ ಕ್ಯಾಮೆರಾ ಒಯ್ಯಲು ಇಷ್ಟಪಡುತ್ತಿದ್ದ ನಿರ್ದೇಶಕ. ಅವರಿಗೆ ಇಂಥ ನಟ ಬೇಕಾಗಿತ್ತು.

ಎರಡು ವರ್ಷದ ನಂತರ, 1969ರಲ್ಲಿ, ‘ಸತಿ ಸುಲೋಚನ’ದ ರಾವಣನಾಗಿದ್ದ ಆರ್. ನಾಗೇಂದ್ರರಾವ್ ‘ನಮ್ಮ ಮಕ್ಕಳು’ ಚಿತ್ರ ನಿರ್ದೇಶಿಸಿ, ಅಶ್ವಥ್ ಮತ್ತು ಪಂಢರಿಬಾಯಿಯವರನ್ನು ಮುಖ್ಯ ಪಾತ್ರಗಳಲ್ಲಿ ನಿಲ್ಲಿಸಿದರು. ಮಕ್ಕಳಿರುವ ಮಧ್ಯವಯಸ್ಕ ಗಂಡಹೆಂಡತಿಯನ್ನು ಕಥೆಯ ನಡುವಿಗೆ ತಂದ ಈ ಚಿತ್ರಕ್ಕಾಗಿ ಅಶ್ವಥ್ ಅವರಿಗೆ ರಾಜ್ಯ ಪ್ರಶಸ್ತಿ ಬಂತು. ಇವರಿಬ್ಬರ ಜೋಡಿ ಅದಾಗಲೇ ಮನೆಮಾತಾಗಿತ್ತು. ನಾಯಕ-ನಾಯಕಿಯರ ಜೋಡಿಗಳು ಹತ್ತು ವರ್ಷಕ್ಕೊಮ್ಮೆ ಬದಲಾದವು. ಅಪ್ಪ-ಅಮ್ಮನ ಈ ಜೋಡಿ ಮಾತ್ರ ಎರಡು ತಲೆಮಾರು ದಾಟಿತು.

‘ಕಸ್ತೂರಿ ನಿವಾಸ’ (1971) ಚಿತ್ರದಲ್ಲಿ ಅವರು ಮನೆಯಾಳು ರಾಮಯ್ಯ. ದೊರೆ-ಭಗವಾನ್ ನಿರ್ದೇಶನದ, ಕೆ.ಸಿ.ಎನ್. ಗೌಡರು ನಿರ್ಮಿಸಿದ ಈ ಚಿತ್ರದಲ್ಲಿ ಬೆಂಕಿಕಡ್ಡಿ ಕಾರ್ಖಾನೆಯ ಒಡೆಯ ರವಿವರ್ಮ (ರಾಜ್‌ಕುಮಾರ್) ಕೊಡುತ್ತಾ ಕೊಡುತ್ತಾ ಬರಿಗೈಯಾಗುತ್ತಾನೆ. ಕಡೆಗೆ ಪ್ರೀತಿಯ ಪಾರಿವಾಳವನ್ನು ಕೇಳಲೆಂದು ನೀಲಾ (ಜಯಂತಿ) ಮನೆಗೆ ಬಂದಾಗ, ಬಂದವಳ ಊಟಕ್ಕಾಗಿಯೇ ಅವನು ಅದನ್ನು ಆಗಲೇ ಕಳೆದುಕೊಂಡಿರುತ್ತಾನೆ. ಹದಿನಾಲ್ಕನೆಯ ಶತಮಾನದ ಇಟಲಿಯಲ್ಲಿ ಬೊಕಾಚಿಯೊ ಬರೆದ ‘ಡೆಕಮೆರಾನ್’ನಲ್ಲಿ ಗಿಡುಗವೊಂದರ ಸುತ್ತ ಇಂಥದೇ ಕಥೆಯಿದೆ. ಅಲ್ಲಿಲ್ಲದ, ಕನ್ನಡ ಚಿತ್ರಕ್ಕೆ ಬಲ ತಂದ ಪಾತ್ರ ರಾಮಯ್ಯನದು. ಒಡೆಯನ ದಾನಬುದ್ಧಿ ಮನೆಯನ್ನು ತಿನ್ನುತ್ತಿರುವುದು ಅಡುಗೆಮನೆಯಲ್ಲಿರುವವನಿಗೆ ಮೊದಲು ಗೊತ್ತಾಗುತ್ತದೆ. ಬೇಡ ಎನ್ನುವ ಅಧಿಕಾರ ಆಳಿಗಿಲ್ಲ, ಬಿಟ್ಟುಹೋಗುವ ಮನಸ್ಸೂ ಇಲ್ಲ. ಮಾತು ಬಾಯಿಗೆ ಬಂದು ನಿಲ್ಲುವುದು, ‘ಆಗಲಿ ಬುದ್ಧಿ’ ಎಂಬಂತೆ ತಲೆ ಬಾಗುವುದು, ತಿರುಗಿ ಒಳಗೆ ಹೋಗುವುದು ಇಷ್ಟರಲ್ಲೇ ಅಶ್ವಥ್ ಅಭಿನಯವಿದೆ. ರವಿವರ್ಮನ ಪತನ ನಮಗೆ ಅರಮನೆಯ ಕಥೆಯಾಗಿ ದೂರ ಉಳಿಯದೆ ಮನೆಯ ನೋವಾಗಿ ತಟ್ಟುವುದು ರಾಮಯ್ಯನ ಕಣ್ಣಿಂದ. ಇದೇ ಕಥೆ ತಮಿಳಿನಲ್ಲಿ ‘ಅವನ್‌ದಾನ್ ಮನಿದನ್’ (1975) ಆಗಿ ಶಿವಾಜಿ ಗಣೇಶನ್ ಅವರಿಗೆ ಸಿಕ್ಕಿತು. 2014ರಲ್ಲಿ ಕನ್ನಡದ ಕಪ್ಪು-ಬಿಳುಪು ಪ್ರತಿಗೆ ಬಣ್ಣ ತುಂಬಿ ಮರುಬಿಡುಗಡೆ ಮಾಡಿದಾಗ ಹೊಸ ತಲೆಮಾರಿನವರು ಚಿತ್ರಮಂದಿರಕ್ಕೆ ಬಂದು ನೋಡಿದರು.

ಮರುವರ್ಷ ‘ನಾಗರಹಾವು’ ಬಂತು. ತ.ರಾ. ಸುಬ್ಬರಾಯರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಥೆ ಮಾಡಿಕೊಂಡಿದ್ದರು. ನಿರ್ಮಾಪಕ ಎನ್. ವೀರಾಸ್ವಾಮಿ. ಚಿತ್ರದುರ್ಗದ ಕೋಟೆ, ಬಂಡೆ, ಬೆಟ್ಟಗಳೇ ಚಿತ್ರದ ಮೈ. ರಾಮಾಚಾರಿಯಾಗಿ ವಿಷ್ಣುವರ್ಧನ್ ನಾಯಕರಾದದ್ದು, ಜಲೀಲನಾಗಿ ಅಂಬರೀಶ್ ಮೊದಲ ಬಾರಿಗೆ ತೆರೆಗೆ ಬಂದದ್ದು ಇದರಿಂದ. ಆರತಿ, ಶುಭಾ, ಲೀಲಾವತಿ, ಓಬವ್ವನಾಗಿ ಜಯಂತಿ ಹೀಗೆ ಒಬ್ಬೊಬ್ಬರ ಪಾತ್ರವೂ ಉಳಿದುಕೊಂಡಿದೆ. ಕಾದಂಬರಿಕಾರರಿಗೆ ಚಿತ್ರ ಒಪ್ಪಿಗೆಯಾಗಲಿಲ್ಲ; ನಾಡಿಗೆ ಒಪ್ಪಿಗೆಯಾಯಿತು.

ಚಾಮಯ್ಯ ಪ್ರಾಥಮಿಕ ಶಾಲೆಯ ಮೇಷ್ಟ್ರು. ಹೆಂಡತಿ ತುಂಗಮ್ಮ, ಮಕ್ಕಳಿಲ್ಲ. ಹಿಂದೆ ತನ್ನ ಶಾಲೆಯಲ್ಲಿ ಓದಿದ, ಈಗ ಕಾಲೇಜಿನಲ್ಲಿರುವ ರಾಮಾಚಾರಿ ಮೇಲೆ ಅವರಿಗೆ ಮಗನ ಮೇಲಿನ ಅಕ್ಕರೆ. ಪ್ರಿನ್ಸಿಪಾಲರನ್ನು ರಾತ್ರಿ ಕಂಬಕ್ಕೆ ಕಟ್ಟಿಹಾಕುವ ಹುಡುಗ ಅವನು. ಮನೆಯಲ್ಲೂ ಬೈಗುಳ, ಬೀದಿಯಲ್ಲೂ ಬೈಗುಳ. ಮೇಷ್ಟ್ರು ಹೇಳಿದ್ದೊಂದನ್ನು ಮಾತ್ರ ಮೀರುವುದಿಲ್ಲ. ಕಥೆಯ ದುರಂತ ಇರುವುದು ಅಲ್ಲೇ. ಪ್ರೀತಿಸಿದ ಅಲಮೇಲುವನ್ನು ಬಿಟ್ಟುಬಿಡು ಎಂದು ಮೇಷ್ಟ್ರು ಹೇಳುತ್ತಾರೆ: ಕುಲ, ಮರ್ಯಾದೆ, ತ್ಯಾಗ ಎಂಬ ಮಾತುಗಳಲ್ಲಿ ಅವರಿಗೆ ನಿಜವಾದ ನಂಬಿಕೆ. ಹುಡುಗ ಬಿಡುತ್ತಾನೆ. ಬೇರೆ ಕಡೆ ಮದುವೆಯಾದ ಅಲಮೇಲು ಮೈಮಾರಿಕೊಳ್ಳುವ ಸ್ಥಿತಿಗೆ ಬಂದು ನಿಂತದ್ದನ್ನು ರಾಮಾಚಾರಿ ಕಣ್ಣಾರೆ ಕಾಣುತ್ತಾನೆ. ಮುಂದೆ ಅವನು ಪ್ರೀತಿಸುವ ಮಾರ್ಗರೆಟ್ ವಿಷಯದಲ್ಲಿ ಮೇಷ್ಟ್ರು ಮತ್ತೆ ಅದೇ ಮಾತು ಹೇಳಲು ಬೆಟ್ಟ ಹತ್ತಿ ಬಂದಾಗ, ಆ ಹಳೆಯ ವಿಧೇಯತೆ ಮುರಿಯುತ್ತದೆ. ಮೇಷ್ಟ್ರು ಬಂಡೆಯ ಮೇಲಿಂದ ಬಿದ್ದು ಸಾಯುತ್ತಾರೆ. ಹಿಂದೆಯೇ ಪ್ರೇಮಿಗಳಿಬ್ಬರೂ ಹಾರುತ್ತಾರೆ.

ಚಾಮಯ್ಯನನ್ನು ಆದರ್ಶ ಗುರುವೆಂದು ಮಾತ್ರ ನೆನೆಯುವವರು ಚಿತ್ರದ ಅರ್ಧವನ್ನೇ ನೋಡಿದ್ದಾರೆ. ಪ್ರೀತಿಯಿಂದಲೇ ತಪ್ಪು ತೀರ್ಪು ಕೊಟ್ಟ ಮನುಷ್ಯ ಅವನು. ಅಭಿನಯದ ದೃಷ್ಟಿಯಿಂದ ಇದು ಬಹಳ ಕಷ್ಟದ ಪಾತ್ರ. ಮೇಷ್ಟ್ರನ್ನು ಕಟುವಾಗಿ ಮಾಡಿದರೆ ರಾಮಾಚಾರಿಯ ವಿಧೇಯತೆಗೆ ಅರ್ಥವಿರುವುದಿಲ್ಲ. ತೀರ ಮೃದುವಾಗಿ ಮಾಡಿದರೆ ಅವರ ಮಾತಿಗೆ ಒಂದು ಬಾಳನ್ನು ತಿರುಗಿಸುವ ಶಕ್ತಿ ಇರುವುದಿಲ್ಲ. ಅಶ್ವಥ್ ಆಧಾರ ಮಾಡಿಕೊಂಡದ್ದು ಅಕ್ಕರೆಯನ್ನು. ಅಲಮೇಲುವನ್ನು ಬಿಡು ಎಂದು ಹೇಳುವ ಸನ್ನಿವೇಶದಲ್ಲಿ ಅವರ ದನಿಯಲ್ಲಿ ಅಪ್ಪಣೆ ಇಲ್ಲ, ಬೇಡಿಕೆ ಇದೆ. ಬೇಡಿಕೊಂಡ ಗುರುವಿಗೆ ಇಲ್ಲವೆನ್ನಲು ಯಾವ ಶಿಷ್ಯನಿಗೆ ಸಾಧ್ಯ? ಕೊನೆಯ ಬೆಟ್ಟದ ದೃಶ್ಯದಲ್ಲಿ ಅಲಮೇಲುವಿಗೆ ಏನಾಯಿತೆಂದು ಶಿಷ್ಯ ಹೇಳುವಾಗ ಮೇಷ್ಟ್ರ ಮುಖವನ್ನು ನೋಡಬೇಕು. ತನ್ನ ನಂಬಿಕೆಯೇ ಒಂದು ಹೆಣ್ಣನ್ನು ಹಾಳುಮಾಡಿತು ಎಂಬ ಸುದ್ದಿಯನ್ನು ಮನುಷ್ಯ ಹೇಗೆ ಕೇಳಿಸಿಕೊಳ್ಳುತ್ತಾನೆ ಎಂಬುದಕ್ಕೆ ಕನ್ನಡ ಸಿನಿಮಾದಲ್ಲಿ ಇದಕ್ಕಿಂತ ದೊಡ್ಡ ನಿದರ್ಶನ ನನಗೆ ತೋರುವುದಿಲ್ಲ.

ಈ ಚಿತ್ರ ಬೇರೆ ಭಾಷೆಗಳಿಗೂ ಹೋಯಿತು. ಹಿಂದಿಯ ‘ಜಹ್ರೀಲಾ ಇನ್ಸಾನ್’ (1974) ಅನ್ನು ಪುಟ್ಟಣ್ಣನವರೇ ನಿರ್ದೇಶಿಸಿದರು; ನಾಯಕ ರಿಷಿ ಕಪೂರ್, ಮೇಷ್ಟ್ರು ಪ್ರಾಣ್. ತೆಲುಗಿನ ‘ಕೋಡೆನಾಗು’ (1974) ಚಿತ್ರದಲ್ಲಿ ಶೋಭನ್ ಬಾಬು ನಾಯಕ. ಮೇಷ್ಟ್ರ ಪಾತ್ರವನ್ನು ಕವಿ, ಸಂಭಾಷಣೆಕಾರ ಆಚಾರ್ಯ ಆತ್ರೇಯ ಮಾಡಿದರು. ಪ್ರಾಣ್ ಭಾರತದ ದೊಡ್ಡ ನಟರಲ್ಲೊಬ್ಬರು. ಆತ್ರೇಯರ ಘನತೆಯೂ ಕಡಿಮೆಯದಲ್ಲ. ಆದರೂ ಎರಡೂ ಚಿತ್ರಗಳು ಆಯಾ ಭಾಷೆಯ ಜನರ ನೆನಪಿನಲ್ಲಿ ಚಾಮಯ್ಯನಂಥ ಒಬ್ಬ ಮೇಷ್ಟ್ರನ್ನು ಉಳಿಸಲಿಲ್ಲ. ‘ನಾಗರಹಾವು’ ಅಭಿನಯಕ್ಕೂ ಅಶ್ವಥ್ ಅವರಿಗೆ ರಾಜ್ಯ ಪ್ರಶಸ್ತಿ ಸಂದಿತು. 2018ರ ಜುಲೈಯಲ್ಲಿ ಚಿತ್ರ ಡಿಜಿಟಲ್ ರೂಪದಲ್ಲಿ ಮತ್ತೆ ತೆರೆಗೆ ಬಂದಾಗ ಮೇಷ್ಟ್ರು ಕಾಣಿಸಿಕೊಂಡ ಕಡೆಗಳಲ್ಲಿ ಚಿತ್ರಮಂದಿರಗಳು ಚಪ್ಪಾಳೆ ತಟ್ಟಿದವು.

ಆಮೇಲಿನ ಎರಡು ದಶಕದ ಕೆಲಸವನ್ನು ಸಂಕ್ಷೇಪವಾಗಿ ಹೇಳಬಹುದು. ‘ಹೊಸಬೆಳಕು’ (1982), ‘ಅನುರಾಗ ಅರಳಿತು’ (1986), ‘ಶ್ರುತಿ ಸೇರಿದಾಗ’ (1987) ಮೊದಲಾದ ರಾಜ್‌ಕುಮಾರ್ ಚಿತ್ರಗಳಲ್ಲಿ ಅವರಿದ್ದಾರೆ. ರಾಜೇಂದ್ರ ಸಿಂಗ್ ಬಾಬು ಅವರ ‘ಮುತ್ತಿನಹಾರ’ದಲ್ಲಿ (1990) ಕೊಡಗಿನ ಯೋಧ ಅಚ್ಚಪ್ಪನ ತಂದೆ; ಮಗನಾಗಿ ಅದೇ ವಿಷ್ಣುವರ್ಧನ್. ಹದಿನೆಂಟು ವರ್ಷದ ಹಿಂದಿನ ಗುರುಶಿಷ್ಯರನ್ನು ಅಪ್ಪಮಗನಾಗಿ ನೋಡುವ ಪ್ರೇಕ್ಷಕನಿಗೆ ಆ ಹಳೆಯ ಬಾಂಧವ್ಯ ನೆನಪಾಗದೆ ಇರದು. ಪೋಷಕ ನಟನ ವೃತ್ತಿಯಲ್ಲಿ ಹೀಗೊಂದು ಸಂಗ್ರಹ ಬೆಳೆಯುತ್ತದೆ: ಹಿಂದಿನ ಎಲ್ಲ ಪಾತ್ರಗಳೂ ಹೊಸ ಪಾತ್ರದ ಬೆನ್ನಿಗೆ ನಿಲ್ಲುತ್ತವೆ. ಇದರಿಂದ ನಷ್ಟವೂ ಆಯಿತು. ನಿರ್ದೇಶಕರು ‘ಅಶ್ವಥ್ ಇದ್ದಾರಲ್ಲ’ ಎಂಬ ಭರವಸೆಯಲ್ಲಿ ಪಾತ್ರವನ್ನು ಪೂರ್ತಿ ಬರೆಯದೆ ಬಿಟ್ಟರು. ಎಂಬತ್ತರ ದಶಕದ ಎಷ್ಟೋ ಚಿತ್ರಗಳಲ್ಲಿ ಅವರು ಮಗಳ ಮದುವೆಗೆ ಸಾಲ ಮಾಡುವ, ಎದೆ ಹಿಡಿದುಕೊಂಡು ಕುಸಿಯುವ ತಂದೆ ಅಷ್ಟೆ. ಆ ಕುಸಿತಕ್ಕೂ ಅವರು ಮೋಸ ಮಾಡಲಿಲ್ಲ ಎಂಬುದು ಅವರ ಶಿಸ್ತಿಗೆ ಸಾಕ್ಷಿ.

ಅವರ ಕಾಲದಲ್ಲಿ ಕನ್ನಡ ಚಿತ್ರಗಳ ಚಿತ್ರೀಕರಣ ಹೆಚ್ಚಾಗಿ ನಡೆಯುತ್ತಿದ್ದುದು ಮದರಾಸಿನಲ್ಲಿ. ನಾಯಕರು, ತಂತ್ರಜ್ಞರು ಅಲ್ಲೇ ಮನೆ ಮಾಡಿದರು. ಅರವತ್ತರ ದಶಕದ ನಡುವಿನಿಂದ ರಾಜ್ಯದೊಳಗೆ ತಯಾರಾದ ಚಿತ್ರಗಳಿಗೆ ಸರ್ಕಾರ ಸಹಾಯಧನ ಕೊಡತೊಡಗಿದ ಮೇಲೆ ಉದ್ಯಮ ನಿಧಾನಕ್ಕೆ ಬೆಂಗಳೂರಿಗೆ ಬಂತು. ಅಶ್ವಥ್ ಮೈಸೂರು ಬಿಡಲಿಲ್ಲ. ಅಲ್ಲಿ ಪ್ರೀಮಿಯರ್ ಸ್ಟುಡಿಯೊ ಇತ್ತು, ಹೊರಾಂಗಣಕ್ಕೆ ಸುತ್ತ ಬೇಕಾದಷ್ಟು ಜಾಗವಿತ್ತು ಎಂಬುದು ನಿಜ. ಆದರೆ ಕಾಲ್‌ಶೀಟ್ ಲೆಕ್ಕದಲ್ಲಿ ಬದುಕುವ ಪೋಷಕ ನಟನಿಗೆ ಉದ್ಯಮದ ಊರಿನಲ್ಲಿರುವುದೇ ಅನುಕೂಲ. ನಾಯಕನಿಗೆ ಚಿತ್ರಕ್ಕಿಷ್ಟು ಎಂದು ಸಂಭಾವನೆ. ಪೋಷಕ ನಟನಿಗೆ ದಿನಕ್ಕಿಷ್ಟು. ಬೆಳಗ್ಗೆ ಒಂದು ಚಿತ್ರದ ಸಾವಿನ ದೃಶ್ಯ, ಮಧ್ಯಾಹ್ನ ಇನ್ನೊಂದರ ಮದುವೆ ದೃಶ್ಯ. ಕಥೆಯನ್ನು ಪೂರ್ತಿ ಕೇಳುವ ಅವಕಾಶವೂ ಎಲ್ಲ ಸಲ ಇರುವುದಿಲ್ಲ; ಸೆಟ್ಟಿನಲ್ಲಿ ಕೈಗೆ ಬಂದ ಹಾಳೆಯಿಂದಲೇ ಆ ಮನುಷ್ಯನ ಹಿಂದುಮುಂದನ್ನು ಊಹಿಸಿಕೊಳ್ಳಬೇಕು. ವಯಸ್ಸಾಗಿ ಕರೆ ನಿಂತ ಮೇಲೆ ಪಿಂಚಣಿ ಇಲ್ಲ. ಕಷ್ಟದಲ್ಲಿರುವ ಕಲಾವಿದರಿಗೆ ರಾಜ್ಯ ಸರ್ಕಾರ ಕೊಡುವ ಮಾಸಾಶನವೇ ಎಷ್ಟೋ ಹಿರಿಯ ನಟರ ಆಸರೆ. ಕನ್ನಡ ಚಿತ್ರರಂಗದ ಚರಿತ್ರೆ ಬರೆಯುವಾಗ ಈ ದಿನಗೂಲಿಯ ಪುಟಗಳನ್ನು ಬಿಡುವುದು ಅನ್ಯಾಯ.

ಅಶ್ವಥ್ ಜೊತೆಯಲ್ಲೇ ಹೆಸರಿಸಬೇಕಾದವರು ಟಿ.ಎನ್. ಬಾಲಕೃಷ್ಣ. ಅರಸೀಕೆರೆಯವರು, ಕಿವಿ ಕೇಳುತ್ತಿರಲಿಲ್ಲ. ಎದುರಿನವರ ತುಟಿ, ಕಣ್ಣು ನೋಡಿ ಸರದಿ ಹಿಡಿದು ಮಾತಾಡುತ್ತಿದ್ದ ಅವರು 1943ರ ‘ರಾಧಾರಮಣ’ದಿಂದ ಐವತ್ತು ವರ್ಷ ನಟಿಸಿದರು. ‘ಬಂಗಾರದ ಮನುಷ್ಯ’ದ (1972) ರಾಚೂಟಪ್ಪ ಅವರದೇ. ರಾಜ್‌ಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಜೊತೆ ಸೇರಿ ‘ರಣಧೀರ ಕಂಠೀರವ’ (1960) ನಿರ್ಮಿಸಿದರು; ಕೆಂಗೇರಿಯ ಬಳಿ ಅಭಿಮಾನ್ ಸ್ಟುಡಿಯೊ ಕಟ್ಟಿದರು. 1995ರಲ್ಲಿ ತೀರಿಕೊಂಡರು. ಕೇಳಲಾಗದ ನಟ ನೋಡುವುದನ್ನೇ ಕಲೆಯಾಗಿಸಿದರು, ಅಶ್ವಥ್ ಕೇಳುವುದನ್ನು. ಹೆಣ್ಣು ಪಾತ್ರಗಳಲ್ಲಿ ಪಂಢರಿಬಾಯಿ, ಎಂ.ವಿ. ರಾಜಮ್ಮ, ಗಡಿಯಾಚೆಯ ಆದವಾನಿಯಿಂದ ಬಂದ ಆದವಾನಿ ಲಕ್ಷ್ಮೀದೇವಿ, ರಮಾದೇವಿ ಇದೇ ಹೊರೆ ಹೊತ್ತರು. ‘ಭೂತಯ್ಯನ ಮಗ ಅಯ್ಯು’ (1974) ಚಿತ್ರದ ಉಪ್ಪಿನಕಾಯಿಯ ಒಂದು ದೃಶ್ಯದಿಂದ ಲೋಕನಾಥ್ ತಮ್ಮ ಕೊನೆಯವರೆಗೂ ಗುರುತಿಸಲ್ಪಟ್ಟರು.

ಅಶ್ವಥ್ ತೊಂಬತ್ತರ ದಶಕದ ನಡುವೆ ಅಭಿನಯದಿಂದ ಹಿಂದೆ ಸರಿದರು. ಆಮೇಲೆ ಕಾಣಿಸಿಕೊಂಡದ್ದು ರಾಜ್‌ಕುಮಾರ್ ಅವರ ‘ಶಬ್ದವೇಧಿ’ಯಂಥ (2000) ವಿರಳ ಚಿತ್ರಗಳಲ್ಲಿ. ರಾಜ್ಯ ಸರ್ಕಾರದ ಡಾ. ರಾಜ್‌ಕುಮಾರ್ ಪ್ರಶಸ್ತಿ ಅವರಿಗೆ 1993-94ನೆಯ ಸಾಲಿಗೆ ಸಂದಿತ್ತು. 2009ರ ಕೊನೆ ಕನ್ನಡ ನಾಡಿಗೆ ಸಾವುಗಳ ಕಾಲ. ಡಿಸೆಂಬರ್ 29ರಂದು ಭಾವಗೀತೆಗಳ ಗಾಯಕ ಸಿ. ಅಶ್ವಥ್ ತೀರಿಕೊಂಡರು, ಮರುದಿನ ಬೆಳಗ್ಗೆ ಮೈಸೂರಿನಲ್ಲಿ ವಿಷ್ಣುವರ್ಧನ್. ಇಪ್ಪತ್ತು ದಿನ ಕಳೆಯುವುದರೊಳಗೆ ಅದೇ ಮೈಸೂರಿನಲ್ಲಿ ಕೆ.ಎಸ್. ಅಶ್ವಥ್. ರಾಮಾಚಾರಿಯ ಹಿಂದೆಯೇ ಮೇಷ್ಟ್ರೂ ಹೋದರು ಎಂದು ಆ ದಿನಗಳಲ್ಲಿ ಜನ ಮಾತಾಡಿಕೊಂಡರು. ಅವರ ಮಗ ಶಂಕರ್ ಅಶ್ವಥ್ ಪೋಷಕ ನಟರಾಗಿ ಮುಂದುವರಿದಿದ್ದಾರೆ. ರಾಜ್ಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಪೋಷಕ ನಟನಿಗೆ ಕೊಡುವ ಪ್ರಶಸ್ತಿಗೆ ಕೆ.ಎಸ್. ಅಶ್ವಥ್ ಅವರ ಹೆಸರಿದೆ.

ಅಶ್ವಥ್ ಅವರ ದನಿ ಹಳೆ ಮೈಸೂರಿನದು. 1956ರ ಏಕೀಕರಣದ ಮುಂಚೆ ಹೈದರಾಬಾದ್ ರಾಜ್ಯದಲ್ಲಿದ್ದ ಕಲಬುರಗಿ, ಬೀದರ್, ರಾಯಚೂರು ಸೀಮೆಯ ಜನಕ್ಕೆ ಆ ಕನ್ನಡ ಹೆಚ್ಚಾಗಿ ತೆರೆಯಿಂದಲೇ ಪರಿಚಯವಾದದ್ದು. ತೆಲಂಗಾಣದ ಗಡಿಗೆ ಹತ್ತಿರದ ಚಿಂಚೋಳಿ, ಸೇಡಂ ಕಡೆಯ ಮಂದಿಗೆ, ಅಲ್ಲಿನ ಐನಾಪುರದಂಥ ಹಳ್ಳಿಯಲ್ಲಿ ಇರುವವರಿಗೆ, ಮನೆಮಾತು ಬೇರೆಯದೇ ಕನ್ನಡ: ತೆಲುಗು, ದಖನಿ ಉರ್ದು ಬೆರೆತದ್ದು, ‘ಹೌದ್ರಿ’, ‘ಯಾಕ್ರಿ’ ಎನ್ನುವುದು. ಆದರೂ ಚಾಮಯ್ಯ ಮೇಷ್ಟ್ರು ಅವರಿಗೂ ತಮ್ಮ ಮೇಷ್ಟ್ರೇ ಆದರು. ಆ ನಟನ ದೊಡ್ಡತನ ಅದು. ಇದರ ಇನ್ನೊಂದು ಮುಖ ಅಷ್ಟು ಹಿತವಾದದ್ದಲ್ಲ. ತೆರೆಯ ಮೇಲಿನ ಒಳ್ಳೆಯ ತಂದೆ, ಗಂಭೀರ ಗುರು ಎಲ್ಲರೂ ಮೈಸೂರು ಕನ್ನಡ ಆಡಿದರು. ಉತ್ತರ ಕರ್ನಾಟಕದ ಮಾತು ಬಂದರೆ ನಗಿಸುವವನ ಬಾಯಲ್ಲಿ, ಕುಡುಕನ ಬಾಯಲ್ಲಿ, ಭಿಕ್ಷುಕನ ಬಾಯಲ್ಲಿ ಬಂತು. ಆ ಸೀಮೆಯ ನಟರಿಗೆ ದಕ್ಕಿದ ಪೋಷಕ ಪಾತ್ರಗಳೂ ಅಂಥವೇ.

ವಿಜಯಪುರ ಜಿಲ್ಲೆಯ ರಾಜು ತಾಳಿಕೋಟೆ ತಮ್ಮ ಮನೆತನದ ಖಾಸ್ಗತೇಶ್ವರ ನಾಟ್ಯ ಸಂಘ ನಡೆಸುತ್ತಾ ‘ಕಲಿಯುಗದ ಕುಡುಕ’ ನಾಟಕದಿಂದ ಊರೂರು ಗೆದ್ದವರು. ಯೋಗರಾಜ್ ಭಟ್ಟರ ‘ಮನಸಾರೆ’ (2009) ಅವರನ್ನು ಸಿನಿಮಾ ಪ್ರೇಕ್ಷಕರೆಲ್ಲರಿಗೂ ಮುಟ್ಟಿಸಿತು. ಮುಂದೆ ಧಾರವಾಡ ರಂಗಾಯಣದ ನಿರ್ದೇಶಕರಾದರು. 2025ರ ಅಕ್ಟೋಬರ್‌ನಲ್ಲಿ, ಚಿತ್ರೀಕರಣಕ್ಕೆಂದು ಉಡುಪಿ ಕಡೆ ಹೋಗಿದ್ದಾಗ, ನಿಧನರಾದರು. ಬೀದರ್ ಜಿಲ್ಲೆಯ ವೈಜನಾಥ ಬಿರಾದಾರ ನೂರಾರು ಚಿತ್ರಗಳಲ್ಲಿ ಒಂದು ನಿಮಿಷ, ಎರಡು ನಿಮಿಷದ ಪಾತ್ರಗಳಲ್ಲಿ ಕಳೆದವರು. ಚಿಂದಿ ಬಟ್ಟೆ, ಬಾಡಿದ ಮೈ, ಒಂದು ನಗೆಮಾತು. ಅಲ್ಲಿಗೆ ಪಾತ್ರ ಮುಗಿಯಿತು.

ನಿರ್ದೇಶಕ ಗಿರೀಶ್ ಕಾಸರವಳ್ಳಿ ಈ ಬಿರಾದಾರ ಅವರನ್ನು ‘ಕನಸೆಂಬ ಕುದುರೆಯನೇರಿ’ ಚಿತ್ರಕ್ಕೆ ಕರೆದರು. ರಾಯಚೂರು ಸೀಮೆಯ ಕಥೆಗಾರ ಅಮರೇಶ ನುಗಡೋಣಿಯವರ ‘ಸವಾರಿ’ ಕಥೆ ಅದಕ್ಕೆ ಆಧಾರ. ಬಿರಾದಾರ ಅಲ್ಲಿ ಕುಣಿ ತೋಡುವ ಈರ್ಯಾ. ಹೆಂಡತಿ ರುದ್ರಿಯಾಗಿ ಉಮಾಶ್ರೀ. ಕನಸಿನಲ್ಲಿ ಸಿದ್ಧ ಬಂದರೆ ಊರಲ್ಲಿ ಒಂದು ಸಾವು ಖಚಿತ ಎಂಬುದು ಈರ್ಯಾನ ನಂಬಿಕೆ; ಅದು ಎಂದೂ ಸುಳ್ಳಾದದ್ದಿಲ್ಲ. ಒಮ್ಮೆ ಕನಸು ಬಿದ್ದು ಗೌಡರ ಮನೆಗೆ ಹೋದರೆ, ಯಾರೂ ಸತ್ತಿಲ್ಲ ಎನ್ನುತ್ತಾರೆ. ಸಾವನ್ನು ಮನೆಯವರು ಮುಚ್ಚಿಟ್ಟಿರುತ್ತಾರೆ. ತನ್ನ ಕನಸೇ ಕೈಕೊಟ್ಟಿತೆಂದು ನಂಬಿ ಕುಗ್ಗುವ ಬಡವನನ್ನು ಬಿರಾದಾರ ಒಂದಿಷ್ಟೂ ನಗಿಸದೆ ಅಭಿನಯಿಸಿದರು, ಆ ಸೀಮೆಯ ಮಾತಿನಲ್ಲೇ. ಚೌಕಟ್ಟಿನ ಹೊರಗಿಂದ ಬರುವ ‘ಯಾರೂ ಸತ್ತಿಲ್ಲ’ ಎಂಬ ಮಾತನ್ನು ಅವರು ಕೇಳಿಸಿಕೊಳ್ಳುವ ಬಗೆ ಅಶ್ವಥ್ ಅವರ ಸಾಲಿನಲ್ಲಿ ನಿಲ್ಲುವಂಥದ್ದು. ಚಿತ್ರಕ್ಕೆ 57ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರವೆಂಬ ಮನ್ನಣೆ ಸಿಕ್ಕಿತು. ಕಾಸರವಳ್ಳಿ ಮತ್ತು ಗೋಪಾಲಕೃಷ್ಣ ಪೈ ಅವರ ಚಿತ್ರಕಥೆಗೂ ಪ್ರಶಸ್ತಿ ಬಂತು. ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ನಡೆಯುವ ಇಮ್ಯಾಜಿನ್ ಇಂಡಿಯಾ ಚಿತ್ರೋತ್ಸವ 2011ರಲ್ಲಿ ಬಿರಾದಾರ ಅವರನ್ನು ಅತ್ಯುತ್ತಮ ನಟ ಎಂದು ಆರಿಸಿತು. ಊರಿಗೆ ಮರಳಿದ ಮೇಲೆ ಅವರಿಗೆ ಬಂದ ಪಾತ್ರಗಳು ಬಹುಪಾಲು ಹಿಂದಿನವೇ. 2023ರಲ್ಲಿ ‘90 ಹೊಡಿ ಮನೀಗ್ ನಡಿ’ ಚಿತ್ರದಲ್ಲಿ, ಎಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ, ಅವರು ನಾಯಕರಾದರು. ಅದು ಅವರ 500ನೆಯ ಚಿತ್ರವೆಂದು ಭಿತ್ತಿಪತ್ರಗಳು ಸಾರಿದವು.